ಬಣ್ಣಗಳನ್ನು ಬೇರ್ಪಡಿಸಿದ ತ್ಸ್ವೆಟ್

ಹೆಸರಿಗೂ ಬಾಳಿಗೂ ಹೊಂದಿಕೆಯಿರುವುದು ಲೋಕದಲ್ಲಿ ಅಪರೂಪ. ಕ್ಷೀರಸಾಗರನೆಂದು ಹೆಸರಿಟ್ಟುಕೊಂಡವನ ಮನೆಯಲ್ಲಿ ಮಜ್ಜಿಗೆಗೂ ಗತಿಯಿರುವುದಿಲ್ಲವೆಂಬ ಗಾದೆ ನಮ್ಮಲ್ಲಿದೆ. ಆದರೆ ಮಿಖಾಯಿಲ್ ತ್ಸ್ವೆಟ್ ಎಂಬ ಸಸ್ಯವಿಜ್ಞಾನಿಯ ವಿಷಯದಲ್ಲಿ ಗಾದೆ ಸುಳ್ಳಾಯಿತು. ರಷ್ಯನ್ ಭಾಷೆಯಲ್ಲಿ ತ್ಸ್ವೆಟ್ ಎಂದರೆ ಬಣ್ಣ. ಈತ ಬಾಳೆಲ್ಲ ದುಡಿದದ್ದು ಎಲೆಯೊಳಗಿನ ಬಣ್ಣಗಳನ್ನು ಒಂದರಿಂದ ಒಂದನ್ನು ಬಿಡಿಸುವುದಕ್ಕಾಗಿ.

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ರಸಾಯನಶಾಸ್ತ್ರಜ್ಞನೊಬ್ಬನ ಚರಿತ್ರೆಯನ್ನು ಬರೆಯಲು ಹೊರಟದ್ದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಈತನ ಜೀವನದಲ್ಲಿ ರಸಾಯನಶಾಸ್ತ್ರದಷ್ಟೇ ಚರಿತ್ರೆಯ ಪಾಠವೂ ಇದೆ. ರಾಜ್ಯಗಳ ಗಡಿ, ಯುದ್ಧ, ಪದವಿಯ ಪ್ರಮಾಣಪತ್ರ, ದೊಡ್ಡವರ ಮಾತಿಗಿರುವ ತೂಕ, ಇವೆಲ್ಲ ಸೇರಿ ಒಬ್ಬ ಮನುಷ್ಯನ ಕೆಲಸವನ್ನು ಹೇಗೆ ಹಿಂದಕ್ಕೆ ತಳ್ಳಬಲ್ಲವು ಎಂಬುದನ್ನು ನಾನು ಇಲ್ಲಿ ಕಂಡೆ.

ತ್ಸ್ವೆಟ್ ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಅಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯದ ಸರ್ಕಾರಿ ಅಧಿಕಾರಿ. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ತಾಯಿ ತೀರಿಕೊಂಡಳು. ತಂದೆ ತನ್ನ ದೇಶಕ್ಕೆ ಹಿಂದಿರುಗಬೇಕಾಗಿದ್ದುದರಿಂದ ತಾಯಿಯಿಲ್ಲದ ಈ ಕೂಸು ಸ್ವಿಟ್ಜರ್ಲೆಂಡಿನಲ್ಲಿ ಬೆಳೆಯಿತು. ಜಿನೀವ ವಿಶ್ವವಿದ್ಯಾನಿಲಯದಲ್ಲಿ 1893ರಲ್ಲಿ ಮೊದಲ ಪದವಿ. ಸಸ್ಯಕೋಶಗಳ ಮೇಲೆ ಪ್ರಬಂಧ ಬರೆದು 1896ರಲ್ಲಿ ಡಾಕ್ಟರೇಟ್. ಅದೇ ವರ್ಷ ಆತ ತಂದೆಯ ನಾಡಾದ ರಷ್ಯಕ್ಕೆ ಬಂದ.

ಅಲ್ಲಿ ಮೊದಲ ಪೆಟ್ಟು ಬಿತ್ತು. ಜಿನೀವದ ಪದವಿ ರಷ್ಯದಲ್ಲಿ ಸಲ್ಲುವುದಿಲ್ಲವೆಂದು ಅಧಿಕಾರಿಗಳು ಹೇಳಿದರು. ಡಾಕ್ಟರನೆನಿಸಿಕೊಂಡವನು ಪುನಃ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕಾಯಿತು. ಪೀಟರ್ಸ್‌ಬರ್ಗಿನ ಪ್ರಯೋಗಶಾಲೆಯೊಂದರಲ್ಲಿ ದುಡಿಯುತ್ತ, ಹೊಸದಾಗಿ ಪ್ರಬಂಧ ಸಿದ್ಧಪಡಿಸಿ, 1901ರಲ್ಲಿ ಕಜಾನ್ ವಿಶ್ವವಿದ್ಯಾನಿಲಯದಿಂದ ಮಾಸ್ಟರ್ ಪದವಿಯನ್ನು ಪಡೆದ. ಮನೆತನಕ್ಕೆ ಮೊದಲನೆಯದಾದ ಒಂದು ಪದವಿಯನ್ನು ಈ ವರ್ಷ ಎದುರು ನೋಡುತ್ತಿರುವ ನನ್ನಂಥವನಿಗೆ ಈ ಐದು ವರ್ಷಗಳ ಭಾರ ಎಷ್ಟೆಂದು ಯಾರೂ ವಿವರಿಸಬೇಕಾಗಿಲ್ಲ. ಆದರೆ ಆ ಎರಡನೆಯ ಪ್ರಬಂಧದ ದುಡಿಮೆಯಲ್ಲಿಯೇ ಆತನಿಗೆ ತನ್ನ ದಾರಿ ದೊರೆಯಿತೆಂಬುದು ವಿಧಿಯ ವಿನೋದ.

ಆತನ ಮುಂದಿದ್ದ ಪ್ರಶ್ನೆ ನೋಡಲು ಬಹಳ ಚಿಕ್ಕದು. ಎಲೆಯ ಹಸಿರು ಬಣ್ಣವಾದ ಪತ್ರಹರಿತ್ತನ್ನು ಬೇರೆ ಮಾಡಿಟ್ಟುಕೊಂಡರೆ ಅದು ಪೆಟ್ರೋಲಿಯಂ ಈಥರಿನಲ್ಲಿ ಸುಲಭವಾಗಿ ಕರಗುತ್ತದೆ. ಆದರೆ ಎಲೆಯನ್ನೇ ಅರೆದು ಅದೇ ಈಥರಿನಲ್ಲಿ ಹಾಕಿದರೆ ಹಸಿರು ಹೊರಕ್ಕೆ ಬಾರದು. ಹಳದಿಯ ಕ್ಯಾರಟೀನ್ ಮಾತ್ರ ಇಳಿಯುತ್ತದೆ. ಸ್ವಲ್ಪ ಮದ್ಯಸಾರವನ್ನು ಬೆರೆಸಿದೊಡನೆ ಹಸಿರೂ ಬರುತ್ತದೆ. ಹೀಗೇಕೆ? ಎಲೆಯ ಅಂಗಾಂಶವು ಬಣ್ಣವನ್ನು ತನ್ನ ಮೈಗೆ ಅಂಟಿಸಿಕೊಂಡು ಹಿಡಿದಿರಬೇಕೆಂದು ತ್ಸ್ವೆಟ್ ಊಹಿಸಿದ. ಊಹೆಯನ್ನು ಪರೀಕ್ಷಿಸಲು ಸೋಸುಕಾಗದಕ್ಕೆ ಪತ್ರಹರಿತ್ತನ್ನು ಹೀರಿಸಿ ಒಣಗಿಸಿ ನೋಡಿದ. ಕಾಗದವೂ ಎಲೆಯಂತೆಯೇ ನಡೆದುಕೊಂಡಿತು! ಬರಿಯ ಈಥರಿಗೆ ಹಸಿರನ್ನು ಬಿಡಲಿಲ್ಲ; ಮದ್ಯಸಾರ ಸೇರಿದಾಗ ಬಿಟ್ಟುಕೊಟ್ಟಿತು. ಹಾಗಾದರೆ ಪ್ರತಿಯೊಂದು ಬಣ್ಣಕ್ಕೂ ಅಂಟಿಕೊಳ್ಳುವ ಬಲ ಬೇರೆ ಬೇರೆ. ಆ ಭೇದವನ್ನೇ ಹಿಡಿದು ಬಣ್ಣಗಳನ್ನು ಬಿಡಿಸಬಹುದಲ್ಲವೆ?

ಇಷ್ಟು ಹೊಳೆದ ಮೇಲೆ ಆತ ಮಾಡಿದ ಉಪಕರಣ ನಮ್ಮ ತರಗತಿಯ ಸೀಮೆಸುಣ್ಣದಷ್ಟು ಸಾಮಾನ್ಯವಾದುದು. ಕಿರಿದಾದ ಗಾಜಿನ ಕೊಳವೆಯೊಂದರಲ್ಲಿ ಸುಣ್ಣದ ಪುಡಿಯನ್ನು, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಒತ್ತಾಗಿ ತುಂಬಿದ. ಮೇಲಿನಿಂದ ಎಲೆಯ ಬಣ್ಣದ ದ್ರಾವಣವನ್ನು ಹೊಯ್ದು, ಅದರ ಹಿಂದೆ ಶುದ್ಧ ದ್ರಾವಕವನ್ನು ಹರಿಸಿದ. ಹೆಚ್ಚು ಅಂಟುವ ಬಣ್ಣ ಮೇಲೆಯೇ ನಿಂತಿತು. ಕಡಿಮೆ ಅಂಟುವುದು ಕೆಳಗಿಳಿಯಿತು. ಕ್ಯಾರಟೀನ್ ಎಲ್ಲಕ್ಕಿಂತ ಮೊದಲು ಹೊರಗೆ ಬಂತು. ಬಿಳಿಯ ಪುಡಿಯಲ್ಲಿ ಹಳದಿ, ಹಳದಿಹಸಿರು, ನೀಲಿಹಸಿರು, ಮತ್ತೆ ಹಳದಿ, ಹೀಗೆ ಬಳೆಗಳನ್ನು ಜೋಡಿಸಿಟ್ಟಂತೆ ಪಟ್ಟೆಗಳು ಮೂಡಿದವು. ಪುಡಿಯ ಕಂಬವನ್ನು ಹೊರಕ್ಕೆ ನೂಕಿ, ಚಾಕುವಿನಿಂದ ಪಟ್ಟೆಪಟ್ಟೆಯಾಗಿ ಕತ್ತರಿಸಿ, ಒಂದೊಂದು ಬಣ್ಣವನ್ನೂ ಮದ್ಯಸಾರದಲ್ಲಿ ಬೇರೆಯಾಗಿ ಇಳಿಸಿಕೊಂಡ. ಎಲೆಯಲ್ಲಿ ಹಸಿರು ಒಂದಲ್ಲ, ಎರಡು. ಹಳದಿಯೂ ಒಂದಲ್ಲ, ಹಲವು ಎಂಬುದು ಕಣ್ಣಿಗೇ ಕಾಣುವಂತಾಯಿತು.

ಆಗ ಆತನಿದ್ದುದು ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದಲ್ಲಿ, ವಿಶ್ವವಿದ್ಯಾನಿಲಯದ ಕೆಳದರ್ಜೆಯ ಸಹಾಯಕನಾಗಿ. 1903ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಪ್ರಕೃತಿವಿಜ್ಞಾನಿಗಳ ಸಂಘದಲ್ಲಿ ಮೊದಲ ಬಾರಿಗೆ ಈ ವಿಷಯವನ್ನು ಮಂಡಿಸಿದ. ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಪರೀಕ್ಷಿಸಿ ನೋಡಿದ. 1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಸಂಘದ ಪತ್ರಿಕೆಯಲ್ಲಿ ಲೇಖನಗಳನ್ನು ಪ್ರಕಟಿಸಿ ತನ್ನ ವಿಧಾನಕ್ಕೆ ಕ್ರೊಮಾಟೋಗ್ರಫಿ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಬಣ್ಣದ ಬರಹವೆಂಬ ಅರ್ಥವಿದೆ. ತನ್ನ ಹೆಸರನ್ನೇ ಅದರಲ್ಲಿ ಮೆಲ್ಲನೆ ಹುದುಗಿಸಿದನೋ ಏನೋ! 1910ರಲ್ಲಿ ಇದನ್ನೆಲ್ಲ ಕೂಡಿಸಿ ರಷ್ಯನ್ ಭಾಷೆಯಲ್ಲಿ ಗ್ರಂಥವನ್ನು ಬರೆದ. 1911ರಲ್ಲಿ ಕ್ಯಾರಟೀನನ್ನೂ ಅದರ ಬಳಗದ ಹಳದಿ ಬಣ್ಣಗಳನ್ನೂ ಒಟ್ಟುಗೂಡಿಸಿ ಕ್ಯಾರೊಟಿನಾಯ್ಡುಗಳೆಂದು ಕರೆದವನೂ ಈತನೇ.

ಆದರೆ ಕಾಲ ಆತನ ಕಡೆಗಿರಲಿಲ್ಲ. ಆಗ ಪತ್ರಹರಿತ್ತಿನ ವಿಷಯದಲ್ಲಿ ಎಲ್ಲರೂ ಕಿವಿಗೊಡುತ್ತಿದ್ದುದು ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರನ ಮಾತಿಗೆ. ಆ ಮಹಾರಸಾಯನಜ್ಞ ಬಣ್ಣಗಳನ್ನು ರಾಶಿರಾಶಿ ಎಲೆಗಳಿಂದ ತೆಗೆದು ಹರಳುಗಟ್ಟಿಸುತ್ತಿದ್ದ. ತ್ಸ್ವೆಟನಾದರೋ ಚಿಟಿಕೆಯಷ್ಟರಲ್ಲಿ ಕೆಲಸ ಮಾಡುವವನು. ಹರಳುರೂಪದ ಪತ್ರಹರಿತ್ತು ಎಲೆಯೊಳಗಿನ ನಿಜವಾದ ವಸ್ತುವಲ್ಲ, ಮದ್ಯಸಾರದ ಸಂಪರ್ಕದಿಂದ ಮಾರ್ಪಟ್ಟದ್ದು ಎಂದು ತ್ಸ್ವೆಟ್ ವಾದಿಸಿದ. ಅದೇ ಸರಿಯೆಂದು ಮುಂದೆ ಸಿದ್ಧವಾಯಿತು. ಸುಣ್ಣದ ಕೊಳವೆಯಲ್ಲಿ ಪತ್ರಹರಿತ್ತು ಕೆಟ್ಟುಹೋಗುತ್ತದೆಂದು ವಿಲ್‌ಸ್ಟೆಟರ್ ಸಂದೇಹಪಟ್ಟ. ಆತ ಬಳಸಿದ ಪುಡಿಯೇ ಸೌಮ್ಯವಾಗಿರಲಿಲ್ಲವೆಂದು ಈಚಿನವರು ಊಹಿಸುತ್ತಾರೆ. ಏನೇ ಇರಲಿ, ದೊಡ್ಡವನು ಒಲ್ಲೆನೆಂದುದನ್ನು ಮುಟ್ಟಿ ನೋಡುವ ಧೈರ್ಯ ಹೆಚ್ಚು ಜನರಿಗೆ ಬರಲಿಲ್ಲ. 1915ರಲ್ಲಿ ವಿಲ್‌ಸ್ಟೆಟರನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅದೇ 1915ರಲ್ಲಿ ಜರ್ಮನ್ ಸೇನೆ ವಾರ್ಸಾವನ್ನು ಹಿಡಿಯಿತು. ಆಗ ತ್ಸ್ವೆಟ್ ಪಾಠ ಹೇಳುತ್ತಿದ್ದ ಪಾಲಿಟೆಕ್ನಿಕ್ ಮಾಸ್ಕೋಗೆ, ಅಲ್ಲಿಂದ ನಿಜ್ನಿ ನೊವ್ಗೊರೊಡ್‌ಗೆ ಗುಳೆ ಹೋಯಿತು. 1917ರಲ್ಲಿ ಇಂದಿನ ಎಸ್ಟೋನಿಯದ ತಾರ್ತು ನಗರದಲ್ಲಿ ಪ್ರಾಧ್ಯಾಪಕ ಸ್ಥಾನವೂ ಸಸ್ಯೋದ್ಯಾನದ ಮೇಲ್ವಿಚಾರಣೆಯೂ ದೊರೆತವು. ಒಂದು ವರ್ಷ ತುಂಬುವುದರೊಳಗಾಗಿ ಸೇನೆ ಅಲ್ಲಿಗೂ ಬಂತು. 1918ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಆತನ ಹೆಸರನ್ನು ಸೂಚಿಸಿದವರಿದ್ದರು, ಬಹುಮಾನ ಬರಲಿಲ್ಲ. ವೊರೋನೆಜ್ ನಗರವೇ ಆತನ ಕೊನೆಯ ಬೀಡಾಯಿತು. ಮೊದಲೇ ದುರ್ಬಲವಾಗಿದ್ದ ಶರೀರ ಇಷ್ಟು ಅಲೆದಾಟವನ್ನು ತಾಳಲಿಲ್ಲ. 1919ರ ಜೂನ್ 26ರಂದು, ತನ್ನ 47ನೆಯ ವಯಸ್ಸಿನಲ್ಲಿ, ಆತ ಕಣ್ಣುಮುಚ್ಚಿದ.

ಮುಂದಿನ ಕಥೆ ಇನ್ನೂ ವಿಚಿತ್ರ. ವಿಲ್‌ಸ್ಟೆಟರ್ ತ್ಸ್ವೆಟನ ಗ್ರಂಥವನ್ನು ತನ್ನ ಉಪಯೋಗಕ್ಕೆಂದು ಜರ್ಮನ್ ಭಾಷೆಗೆ ಅನುವಾದ ಮಾಡಿಸಿದ್ದ. ಆ ಪ್ರತಿ ಆತನ ಶಿಷ್ಯ ರಿಚರ್ಡ್ ಕೂನನ ಕೈಸೇರಿತು. 1931ರಲ್ಲಿ ಹೈಡಲ್‌ಬರ್ಗಿನಲ್ಲಿ ಕೂನ್, ವಿಂಟರ್‌ಸ್ಟೈನ್ ಮತ್ತು ತರುಣ ಎಡ್ಗರ್ ಲೆಡರರ್ ಅದೇ ಪುಡಿಕೊಳವೆಯನ್ನು ಹಿಡಿದು, ಒಂದೇ ವಸ್ತುವೆಂದು ಎಲ್ಲರೂ ನಂಬಿದ್ದ ಕ್ಯಾರಟೀನನ್ನು ಬೇರೆ ಬೇರೆ ವಸ್ತುಗಳಾಗಿ ಬಿಡಿಸಿಬಿಟ್ಟರು. ವಿಧಾನಕ್ಕೆ ಮರುಹುಟ್ಟು ಬಂತು. ಕ್ಯಾರೊಟಿನಾಯ್ಡುಗಳ ಮತ್ತು ವಿಟಮಿನ್ನುಗಳ ಸಂಶೋಧನೆಗಾಗಿ 1937ರಲ್ಲಿ ಪಾಲ್ ಕಾರರ್‌ನಿಗೂ 1938ರಲ್ಲಿ ಕೂನನಿಗೂ ನೊಬೆಲ್ ಬಂದಿತು. ಕ್ರೊಮಾಟೋಗ್ರಫಿಯನ್ನು ಮತ್ತೊಂದು ದಿಕ್ಕಿನಲ್ಲಿ ಬೆಳೆಸಿದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ಅದೇ ಗೌರವ ಸಂದಿತು.

ತ್ಸ್ವೆಟ್ ಹೆಸರಿಟ್ಟ ಹಳದಿ ಬಳಗ ಎಲೆಗೆ ಬರಿಯ ಅಲಂಕಾರವಲ್ಲವೆಂಬುದೂ ಈಗ ತಿಳಿದಿದೆ. ಕ್ಯಾರಟೀನಿನಿಂದ ನಮ್ಮ ದೇಹ ಎ ವಿಟಮಿನ್ನನ್ನು ಪಡೆಯುತ್ತದೆ. ಸಸ್ಯವಾದರೋ ಕ್ಯಾರೊಟಿನಾಯ್ಡುಗಳನ್ನು ಮುರಿದು ತನ್ನ ಹಾರ್ಮೋನುಗಳನ್ನೇ ಕಟ್ಟಿಕೊಳ್ಳುತ್ತದೆ. 1960ರ ದಶಕದಲ್ಲಿ ಹತ್ತಿಯ ಕಾಯಿಯಲ್ಲಿ ದೊರೆತ ಆಬ್ಸಿಸಿಕ್ ಆಮ್ಲ ಅಂಥದೊಂದು. ನೀರು ಸಾಲದಾದಾಗ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಸಿ ಗಿಡವನ್ನು ಕಾಪಾಡುವುದು ಅದೇ. 2008ರಲ್ಲಿ ಹಾರ್ಮೋನೆಂದು ಗುರುತಿಸಲ್ಪಟ್ಟ ಸ್ಟ್ರೈಗೊಲ್ಯಾಕ್ಟೋನ್ ಮತ್ತೊಂದು. ಗಿಡ ಎಷ್ಟು ಕವಲೊಡೆಯಬೇಕೆಂಬುದನ್ನು ಅದು ತಡೆದು ನಡೆಸುತ್ತದೆ. ನಮ್ಮ ಜೋಳದ ಬೇರನ್ನು ಹೀರಿ ಬದುಕುವ ಸ್ಟ್ರೈಗ ಎಂಬ ಕಳೆಯ ಬೀಜ ಮೊಳೆಯುವುದೂ ಬೇರಿನಿಂದ ಒಸರುವ ಇದೇ ಬಳಗದ ವಸ್ತುವಿನ ಸುಳಿವು ಹಿಡಿದು.

ಸತ್ಯಕ್ಕೆ ಕೊನೆಗೆ ಜಯವೆಂದು ಹೇಳಿ ಲೇಖನ ಮುಗಿಸುವುದು ಸುಲಭ. ಆದರೆ ಆ ಜಯವನ್ನು ನೋಡಲು ತ್ಸ್ವೆಟ್ ಇರಲಿಲ್ಲ. ನಡುವೆ ಕಾಲು ಶತಮಾನ ವ್ಯರ್ಥವಾಯಿತು. ಆ ನಷ್ಟ ಆತನೊಬ್ಬನದಲ್ಲ, ವಿಜ್ಞಾನದ್ದೂ ಹೌದು. ಇಂದು ಔಷಧದ ಶುದ್ಧಿಯನ್ನಾಗಲಿ, ಕಾಳಿನಲ್ಲುಳಿದ ಕೀಟನಾಶಕವನ್ನಾಗಲಿ ಪರೀಕ್ಷಿಸುವಲ್ಲೆಲ್ಲ ಆತನ ವಿಧಾನದ ಸಂತತಿಯೇ ದುಡಿಯುತ್ತಿದೆ. ಹಣ್ಣೆಲೆ ಉದುರುವ ಮುನ್ನ ಹಸಿರು ಸರಿದು ಒಳಗಿದ್ದ ಹಳದಿ ಹೊರಗೆ ಕಾಣುತ್ತದೆ. ಆ ಹಳದಿ ಎಲೆಗೆ ಹೊಸತಾಗಿ ಬಂದದ್ದಲ್ಲ. ಮೊದಲಿನಿಂದಲೂ ಅಲ್ಲಿಯೇ ಇತ್ತು. ಅದನ್ನು ಹಸಿರಿರುವಾಗಲೇ ಕಂಡವನು ತ್ಸ್ವೆಟ್.