ಮೂವರು ದೊರೆಗಳು, ಒಬ್ಬ ಪೂರ್ಣಯ್ಯ

ಶ್ರೀರಂಗಪಟ್ಟಣ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಟಿಪ್ಪು. ಅದೇ ಕೋಟೆಯೊಳಗೆ ಲೆಕ್ಕ ನೋಡಿಕೊಂಡು, ಆಮೇಲೆ ಇಡೀ ಮೈಸೂರನ್ನೇ ನಡೆಸಿದ ದಿವಾನ್ ಪೂರ್ಣಯ್ಯನವರನ್ನು ಈ ಸಲ ನೆನೆಯೋಣ.

ಪೂರ್ಣಯ್ಯನವರು ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ಬಡ ಮನೆಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಹುಡುಗ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯೋಕೆ ಸೇರಿದ. ಆ ಲೆಕ್ಕದ ಚುರುಕುತನವೇ ಅವರನ್ನು ಹೈದರನ ಆಸ್ಥಾನಕ್ಕೆ ತಲುಪಿಸಿತು.

1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ದಂಡಿನಲ್ಲಿದ್ದಾಗಲೇ ಹೈದರ್ ತೀರಿಕೊಂಡ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹಬ್ಬಿದರೆ ಸೈನ್ಯ ಒಡೆಯುತ್ತಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾವ್ ಸಾವನ್ನು ಗುಟ್ಟಾಗಿಟ್ಟು, ಟಿಪ್ಪು ಬರುವವರೆಗೆ ದಂಡನ್ನು ಹಿಡಿದಿಟ್ಟರು.

1799ರ ಮೇ 4ರಂದು ಟಿಪ್ಪು ಬಿದ್ದ. ಗೆದ್ದ ಇಂಗ್ಲಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗಾದಿಗೆ ಕೂರಿಸಿ, ದಿವಾನಗಿರಿಯನ್ನು ಪೂರ್ಣಯ್ಯನವರಿಗೇ ಕೊಟ್ಟರು. ನಿನ್ನೆಯ ಶತ್ರುವಿನ ಜೊತೆ ಇವತ್ತು ಕೆಲಸ! ಇದನ್ನು ದ್ರೋಹ ಅನ್ನುವವರು ಇಂದಿಗೂ ಇದ್ದಾರೆ.

ಆದರೆ ಕೈಗೆ ಬಂದ ನಾಡು ಹೇಗಿತ್ತು ನೋಡಿ. ನಾಗಮಂಗಲವನ್ನು ಮರಾಠರ ದಂಡು ಹಾಳುಗೆಡವಿತ್ತು. ಇಂದಿನ ಪಾಂಡವಪುರ, ಅಂದಿನ ಹಿರೋಡೆ, ಟಿಪ್ಪುವಿನ ಫ್ರೆಂಚ್ ಸಿಪಾಯಿಗಳ ಬೀಡಾಗಿತ್ತು. ಆಗ ಅತ್ತಿಕುಪ್ಪೆ ಎನಿಸಿದ್ದ ಕೆ.ಆರ್. ಪೇಟೆಯ ಸೀಮೆಯೂ ಯುದ್ಧದ ದಾರಿಯಿಂದ ದೂರವಿರಲಿಲ್ಲ. ಇದರ ಮೇಲೆ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಾಹ ಕಟ್ಟಬೇಕು. ಪೂರ್ಣಯ್ಯನವರು ಕೆರೆ, ಕಾಲುವೆ ರಿಪೇರಿ ಮಾಡಿಸಿದರು, ಕಂದಾಯ ಬಿಗಿ ಮಾಡಿದರು.

ನಮ್ಮ ಸಿವಿಲ್ ಗೆಳೆಯರು ನೋಡಲೇಬೇಕಾದ್ದು 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ಕಲ್ಲಿನ ಸೇತುವೆ. ಕಮಾನು ಇಲ್ಲ. ಕಲ್ಲಿನ ಕಂಬಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ಕಲ್ಲು ಒತ್ತಡ ತಾಳುತ್ತೆ, ಆದರೆ ಬಾಗಿಸಿದರೆ ಮುರಿಯುತ್ತೆ. ಅದಕ್ಕೇ ಕಂಬಗಳು ಹತ್ತಿರ ಹತ್ತಿರ. ಕಾವೇರಿಯ ಎಷ್ಟೋ ಪ್ರವಾಹಗಳನ್ನು ಅದು ತಡೆದುಕೊಂಡಿತು. ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು! ಎಲ್ಲ ಕೆಲಸವೂ ಹೀಗೆ ಗೆಲ್ಲಲಿಲ್ಲ. ಮೈಸೂರಿಗೆ ಕಾವೇರಿ ನೀರು ತರಲು ತೋಡಿಸಿದ ಪೂರ್ಣಯ್ಯ ನಾಲೆ ನೀರು ಮುಟ್ಟಿಸದೆ ನಿಂತುಹೋಯಿತು.

1811ರಲ್ಲಿ ಅಧಿಕಾರ ಬಿಡುವಾಗ ಬೊಕ್ಕಸದಲ್ಲಿ 2 ಕೋಟಿಗೂ ಮೀರಿದ ಹಣವಿತ್ತು. ಅದು ಜಾಣತನದ ಉಳಿತಾಯ ಅಂದರು ಕೆಲವರು, ರೈತನ ಹೊಟ್ಟೆ ಕಟ್ಟಿ ಕೂಡಿಟ್ಟದ್ದು ಅಂದರು ಇನ್ನು ಕೆಲವರು. ಅವರಿಗೂ 1807ರಲ್ಲೇ ಯಳಂದೂರು ಜಹಗೀರು ಸಿಕ್ಕಿತ್ತು. 1812ರ ಮಾರ್ಚಿನಲ್ಲಿ ಅವರು ತೀರಿಕೊಂಡದ್ದು ಶ್ರೀರಂಗಪಟ್ಟಣದಲ್ಲೇ.

ನಮಗನ್ನಿಸೋದು ಇಷ್ಟೇ: ಅವರನ್ನು ದ್ರೋಹಿ ಅಂತ ತಳ್ಳಿಹಾಕೋದೂ ಸುಲಭ, ದೇವರಂತೆ ಹೊತ್ತು ಮೆರೆಸೋದೂ ಸುಲಭ. ದೊರೆ ಬದಲಾದರೂ ಕೆರೆ ತುಂಬಬೇಕು, ಸಂಬಳ ಬಟವಾಡೆ ಆಗಬೇಕು, ಹೊಳೆ ದಾಟೋಕೆ ದಾರಿ ಇರಬೇಕು. ಆ ಕೆಲಸವನ್ನು ಯಾರೋ ಒಬ್ಬರು ಮಾಡಲೇಬೇಕಿತ್ತು. ಪೂರ್ಣಯ್ಯನವರು ಮಾಡಿದರು, ಅದರ ಬೆಲೆಯನ್ನು ರೈತರೂ ತೆತ್ತರು. ಮುಂದಿನ ಸಲ ಮೈಸೂರು ಬಸ್ಸಿನಲ್ಲಿ ಹೊಳೆ ದಾಟುವಾಗ ಕಿಟಕಿಯಿಂದ ಆ ಹಳೇ ಕಂಬಗಳನ್ನು ಹುಡುಕಿ ನೋಡಿ.