ಅಕ್ಕಿಗೆ ಕೈ ಹಾಕಿತೆಂದು ಗದರಬೇಡಿ

ಅಕ್ಕಿ ಡಬ್ಬಕ್ಕೆ ಕೈ ಹಾಕಿದ ಮಗುವಿಗೆ ಒಂದೇಟು ಕೊಡುವ ಮುನ್ನ ಮರಿಯಾ ಮಾಂಟೆಸ್ಸರಿ ಅವರ ಕಥೆ ಕೇಳಿ. 1870ರಲ್ಲಿ ಇಟಲಿಯಲ್ಲಿ ಹುಟ್ಟಿದ ಈಕೆ 1896ರಲ್ಲಿ ರೋಮ್‌ನಲ್ಲಿ ಡಾಕ್ಟರ್ ಆದರು. ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ, ದಡ್ಡರೆಂದು ಕೂಡಿಹಾಕಿದ್ದ ಮಕ್ಕಳು ಊಟವಾದ ಮೇಲೆ ನೆಲದ ಬ್ರೆಡ್ ಚೂರಿಗೆ ಮುಗಿಬೀಳುತ್ತಿದ್ದರಂತೆ. ನೋಡಿಕೊಳ್ಳುವವರಿಗೆ ಅಸಹ್ಯ. ಆದರೆ ಆ ಬರಿಯ ಕೋಣೆಯಲ್ಲಿ ಮುಟ್ಟಿ ಆಡಲು ಬೇರೇನೂ ಇಲ್ಲವಲ್ಲ ಅಂತ ಮಾಂಟೆಸ್ಸರಿಗೆ ಹೊಳೆಯಿತು. ಮುಟ್ಟಿ ಕಲಿಯುವ ಸಾಮಾನುಗಳನ್ನು ಮಾಡಿಸಿಕೊಟ್ಟರು.

1907ರಲ್ಲಿ ರೋಮ್‌ನ ಬಡ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ‘ಮಕ್ಕಳ ಮನೆ’ ತೆರೆದರು. ಅಲ್ಲಿ ಮೂರು ವರ್ಷದ ಪುಟ್ಟಿಯೊಬ್ಬಳು ಮರದ ಸಿಲಿಂಡರ್‌ಗಳನ್ನು ಅದರದರ ಕುಳಿಯಲ್ಲಿ 40ಕ್ಕೂ ಹೆಚ್ಚು ಸಲ ಕೂರಿಸಿದಳು. ಸುತ್ತ ಮಕ್ಕಳು ಹಾಡಿದರೂ ತಲೆ ಎತ್ತಲಿಲ್ಲ. ಮುಗಿಸಿದಾಗ ಸುಸ್ತಿಲ್ಲ, ಹಟವಿಲ್ಲ; ಒಳ್ಳೇ ನಿದ್ದೆ ಮಾಡಿ ಎದ್ದಂಥ ನಗುಮುಖ! ಕೈಗೆ ಕೆಲಸ ಸಿಕ್ಕರೆ ಮನಸ್ಸು ತಾನೇ ಹಿಡಿತಕ್ಕೆ ಬರುತ್ತದೆ ಎಂಬುದನ್ನು ಅವರು ಕಂಡದ್ದು ಹೀಗೆ.

1939ರಲ್ಲಿ ಮದ್ರಾಸಿಗೆ ಬಂದು, ಯುದ್ಧದ ವರ್ಷಗಳಲ್ಲಿ ಇಲ್ಲಿನ ಶಿಕ್ಷಕರಿಗೂ ಕಲಿಸಿದರು. 1952ರಲ್ಲಿ ತೀರಿಕೊಂಡರು.

ನೀವೂ ತಟ್ಟೆಯಲ್ಲಿ ಒಂದಿಷ್ಟು ಅಕ್ಕಿ, ಎರಡು ಲೋಟ ಕೊಟ್ಟು ನೋಡಿ. ಪಕ್ಕದಲ್ಲೇ ಕೂತಿರಿ, ಕಾಳು ಮೂಗಿಗೆ, ಬಾಯಿಗೆ ಹೋಗಬಾರದು. ಚೆಲ್ಲಿದರೆ ಇಬ್ಬರೂ ಸೇರಿ ಗುಡಿಸಿದರಾಯ್ತು, ಅಲ್ವಾ?