ಧೂಳಕ್ಷರದಿಂದ ಶಿಲಾಕ್ಷರಕ್ಕೆ: ಬಿ. ಎಲ್. ರೈಸ್ ಅವರ ಜೀವನ

ಕನ್ನಡ ನಾಡಿನ ಚರಿತ್ರೆಯನ್ನು ಕಲ್ಲಿನಿಂದ ಕಾಗದಕ್ಕೆ ಇಳಿಸಿದ ಮಹನೀಯರಲ್ಲಿ ಬೆಂಜಮಿನ್ ಲೂಯಿ ರೈಸ್ ಅವರ ಹೆಸರು ಅಗ್ರಗಣ್ಯವಾದುದು. ವಿದ್ವಾಂಸರು ಅವರನ್ನು ಶಾಸನ ಪಿತಾಮಹರೆಂದು ಗೌರವಿಸುತ್ತ ಬಂದಿದ್ದಾರೆ. ಈ ಕೀರ್ತಿಯ ಪ್ರಭೆಯಲ್ಲಿ ಅವರ ಮತ್ತೊಂದು ಸೇವೆ ಮರೆಯಾಗಿ ಹೋಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಸೀಮೆಗಳ ರೈತಮಕ್ಕಳ ಬಳಿಗೆ ಸರ್ಕಾರದ ಶಾಲೆಯನ್ನು ಕೊಂಡೊಯ್ಯುವ ಯೋಜನೆಯನ್ನು ರೂಪಿಸಿದವರೂ ಅವರೇ.

ರೈಸ್ ಅವರು ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಅವರು ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಬಲ್ಲವರು. ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇವರ ಸೋದರರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಕನ್ನಡವು ಕಿವಿಯಿಂದಲೇ ಬಂದ ಭಾಷೆಯಾಯಿತು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ, 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದದ್ದು ಈ ಶಾಲೆಯೇ. 1865ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಶಾಲಾ ಇನ್ಸ್‌ಪೆಕ್ಟರರಾಗಿ ನೇಮಕಗೊಂಡ ಮೇಲೆ ಅವರಿಗೆ ಹಳ್ಳಿಗಳ ಸಂಚಾರ ಆರಂಭವಾಯಿತು.

ಅಂದಿನ ಹಳ್ಳಿಗಳಲ್ಲಿ ವಿದ್ಯೆಯೇ ಇರಲಿಲ್ಲವೆಂದು ಭಾವಿಸುವುದು ತಪ್ಪು. ಊರಿನ ಗುಡಿಯ ಪೌಳಿಯಲ್ಲಿ, ಮಠದ ಪಡಸಾಲೆಯಲ್ಲಿ, ಗೌಡರ ಮನೆಯ ಜಗಲಿಯಲ್ಲಿ ಕೂಲಿಮಠಗಳು ನಡೆಯುತ್ತಿದ್ದವು. ವೀರಶೈವರು ಹೆಚ್ಚಾಗಿದ್ದ ಊರುಗಳಲ್ಲಿ ಇವನ್ನು ಐಗಳ ಮಠವೆನ್ನುತ್ತಿದ್ದರು. ಪಾಠ ಹೇಳುವವರು ಜಂಗಮರಾದ ಅಯ್ಯನವರು. ಶಾಲೆಗೆ ಹೋಗುವುದನ್ನು ಮಠಕ್ಕೆ ಹೋಗುವುದು ಎಂದು ಹಿರಿಯರು ಹೇಳುತ್ತಿದ್ದುದು ಈ ಕಾರಣದಿಂದಲೇ.

ಆ ಮಠಗಳಲ್ಲಿ ಅಕ್ಷರ ಕಲಿಸುತ್ತಿದ್ದ ಬಗೆ ಇಂದಿನ ಅಧ್ಯಾಪಕರೂ ಗಮನಿಸತಕ್ಕದ್ದಾಗಿದೆ. ನೆಲದ ಮೇಲೆ ನಯವಾದ ಮರಳನ್ನು ಹರಡಿ, ಮಗುವಿನ ಬೆರಳನ್ನು ಹಿಡಿದು, ಶಿವನಾಮದೊಂದಿಗೆ ಮೊದಲ ಅಕ್ಷರವನ್ನು ತಿದ್ದಿಸುತ್ತಿದ್ದರು. ಇದೇ ಧೂಳಕ್ಷರ. ಬರೆದದ್ದನ್ನು ಅಂಗೈಯಿಂದ ಅಳಿಸಿ ಮತ್ತೆ ಬರೆಯುವುದು, ಬರೆಯುವಾಗ ಅಕ್ಷರದ ಹೆಸರನ್ನು ಗಟ್ಟಿಯಾಗಿ ಕೂಗುವುದು. ಹಿರಿಯ ಹುಡುಗನೊಬ್ಬನು ಹೇಳಿದಂತೆ ಉಳಿದವರು ಒಕ್ಕೊರಲಿನಿಂದ ಹೇಳುವುದು. ಹೀಗೆ ಕಣ್ಣು, ಕೈ, ಕಿವಿ, ನಾಲಗೆ ನಾಲ್ಕೂ ಒಂದೇ ಕೆಲಸದಲ್ಲಿ ತೊಡಗುತ್ತಿದ್ದವು. ಮೊದಲು ಸ್ವರಗಳು ಹ್ರಸ್ವದೀರ್ಘಗಳ ಜೋಡಿಯಾಗಿ. ಅನಂತರ ವರ್ಗೀಯ ವ್ಯಂಜನಗಳು ಐದೈದರ ಐದು ಸಾಲುಗಳಾಗಿ, ಕಂಠದಿಂದ ಹೊರಟು ತುಟಿಯವರೆಗೆ. ಮರಳಿನಲ್ಲಿ ಸಾಲಾಗಿ ಮೂಡಿದ ಆ ಇಪ್ಪತ್ತೈದು ಅಕ್ಷರಗಳ ಚೌಕವನ್ನು ಕಂಡ ಮಗುವಿಗೆ ವರ್ಣಮಾಲೆಯ ಕ್ರಮ ಒಂದು ಚಿತ್ರವಾಗಿ ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಮುಂದೆ ನಿಘಂಟಿನಲ್ಲಿ ಪದ ಹುಡುಕುವವನಿಗೆ ಬೇಕಾದದ್ದು ಈ ಚಿತ್ರವೇ.

ಕೈ ಕುದುರಿದ ಮೇಲೆ ಕಡತ ಬರುತ್ತಿತ್ತು. ಉದ್ದವಾದ ಬಟ್ಟೆಯ ಪಟ್ಟಿಗೆ ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಎರಡೂ ಕಡೆ ಬಳಿದು ಒಣಗಿಸಿ, ಪುಸ್ತಕದಂತೆ ಮಡಿಸಿದರೆ ಕಡತ ಸಿದ್ಧ. ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದಾಗ ಒದ್ದೆ ಬಟ್ಟೆಯಿಂದ ಒರೆಸಿ, ಕಪ್ಪು ಮಾಸಿದರೆ ಮತ್ತೆ ಬಳಿಯುವುದು. ಹಣ ಖರ್ಚಿಲ್ಲದೆ ಮನೆಯಲ್ಲಿಯೇ ತಯಾರಾಗುತ್ತಿದ್ದ ಈ ಸಾಧನವನ್ನು ವರ್ತಕರೂ ಶಾನುಭೋಗರೂ ಲೆಕ್ಕಕ್ಕೆ ಬಳಸುತ್ತಿದ್ದರು. ವಸ್ತು ಹೋಗಿ ಹೆಸರು ಮಾತ್ರ ಉಳಿದು, ಇಂದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಕಡತವೆನ್ನುತ್ತೇವೆ.

ಕೂಲಿಮಠಗಳಲ್ಲಿ ದೋಷಗಳೂ ಇದ್ದವು. ಬಾಯಿಪಾಠವೇ ಪ್ರಧಾನ, ಅರ್ಥಜ್ಞಾನ ಕಡಮೆ. ಕೋದಂಡದಂತಹ ಶಿಕ್ಷೆಗಳನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ. ಹೆಣ್ಣುಮಕ್ಕಳಿಗೂ ಕೆಳಗಿನವರೆನಿಸಿಕೊಂಡ ಜಾತಿಗಳ ಮಕ್ಕಳಿಗೂ ಅಲ್ಲಿ ಎಡೆ ಸಿಕ್ಕುತ್ತಿದ್ದುದು ಅಪರೂಪ. ಇನ್ನೊಂದು ಕಡೆ ಸರ್ಕಾರದ ಶಾಲೆಗಳು ಪಟ್ಟಣಗಳಲ್ಲಿ ಮಾತ್ರ ಇದ್ದು, ಉಳುವವನ ಮಗನಿಗೆ ಎಟಕುತ್ತಿರಲಿಲ್ಲ. ಇವೆರಡರ ನಡುವಣ ಕಂದರವನ್ನು ಮುಚ್ಚಲು ರೈಸ್ ಅವರು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಹೋಬಳಿಗೊಂದು ಶಾಲೆ, ಅದಕ್ಕೆ ಕಟ್ಟಡವನ್ನು ಊರಿನವರು ಒದಗಿಸಬೇಕು, ಉಪಾಧ್ಯಾಯನು ಆದಷ್ಟೂ ಸ್ಥಳದವನೇ ಆಗಿದ್ದು ನಾರ್ಮಲ್ ಶಾಲೆಯಲ್ಲಿ ತರಬೇತಿ ಪಡೆದು ಬರಬೇಕು, ಪಾಠ ಕನ್ನಡದಲ್ಲಿ ನಡೆಯಬೇಕು. ಪರಊರಿನ ಪಂಡಿತನನ್ನು ತಂದು ಕೂರಿಸದೆ, ಜನರು ನಂಬಿದ್ದ ಗುರುವನ್ನೇ ತಿದ್ದಿ ತೀಡಿ ಕಳುಹಿಸುವ ಈ ವಿವೇಕ ಮೆಚ್ಚತಕ್ಕದ್ದು. ಅಚ್ಚಿನ ಪುಸ್ತಕ ಬಂದಿತು, ಕ್ರಮೇಣ ಮರಳು ಮತ್ತು ಕಡತಗಳು ಹಿಂದೆ ಸರಿದವು. ಪುಸ್ತಕದಿಂದ ಅರ್ಥಜ್ಞಾನಕ್ಕೆ ಲಾಭವಾದದ್ದು ನಿಜ. ಬೆರಳ ತುದಿಯಲ್ಲಿ ಅಕ್ಷರ ಕಲಿಯುವ ಸುಖ ಕಳೆದುಹೋದದ್ದೂ ನಿಜವೇ.

ಶಾಲೆಗಳ ತನಿಖೆಗೆಂದು ಹೋದ ಊರುಗಳಲ್ಲಿ ರೈಸ್ ಅವರ ಕಣ್ಣು ಗುಡಿಯ ಮುಂದಿನ ಕಲ್ಲುಗಳ ಮೇಲೆ ಬಿತ್ತು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದುವ ಹೊಣೆಯೂ ಅವರ ಪಾಲಿಗೆ ಬಂದಿತು. ಆ ಶ್ರಮದ ಫಲವೇ 1879ರಲ್ಲಿ ಪ್ರಕಟವಾದ ಮೈಸೂರು ಶಾಸನಗಳ ಗ್ರಂಥ. ಐಗಳ ಮುಂದೆ ಕುಳಿತ ಮಗುವಿನಂತೆ ಅವರೂ ಅಕ್ಷರವನ್ನು ಮೊದಲಿನಿಂದ ತಿದ್ದಬೇಕಾಯಿತು. ಏಕೆಂದರೆ ಕಲ್ಲಿನಲ್ಲಿ ಅಕ್ಷರದ ಆಕಾರ ಶತಮಾನದಿಂದ ಶತಮಾನಕ್ಕೆ ಬದಲಾಗುತ್ತದೆ. ಬದಲಾಗದೆ ಉಳಿದದ್ದು ವರ್ಣಮಾಲೆಯ ಕ್ರಮವೊಂದೇ. ಪ್ರಾಚೀನ ಲಿಪಿಗಳ ಅಕ್ಷರಗಳನ್ನು ವಿದ್ವಾಂಸರು ಜೋಡಿಸಿಡುವುದು ಮಕ್ಕಳು ಮರಳಿನಲ್ಲಿ ತಿದ್ದುವ ಆ ಕ್ರಮದಲ್ಲಿಯೇ.

ಪ್ರಾಕ್ತನ ವಿಮರ್ಶೆಯ ಇಲಾಖೆಯ ಹೊಣೆ ಹೊತ್ತ ಮೇಲೆ, ಪಂಡಿತರ ನೆರವಿನಿಂದ ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಒಂಬತ್ತು ಸಾವಿರದಷ್ಟು ಶಾಸನಗಳಿವೆ. ಅಂದು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ ಮತ್ತು ಚನ್ನಗಿರಿಗಳ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ. ನ್ಯಾಮತಿಯ ಆಸುಪಾಸಿನ ಬೆಳಗುತ್ತಿಯ ಸಿಂದ ಅರಸರು ನಮಗೆ ಪರಿಚಿತರಾದದ್ದು ಈ ಕಲ್ಲುಗಳಿಂದ. ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರಿನವು ಹನ್ನೊಂದನೆಯದರಲ್ಲಿವೆ. ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ 1892ರಲ್ಲಿ ರೈಸ್ ಅವರು ಅಶೋಕನ ಶಾಸನಗಳನ್ನು ಕಂಡುಹಿಡಿದರು. ಅವನ್ನು ಬರೆದ ಚಪಡನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಎರಡು ಲಿಪಿ ಬಲ್ಲೆನೆಂಬ ಹೆಮ್ಮೆ ಇರಬೇಕು!

ಏಳನೆಯ ಸಂಪುಟದಲ್ಲಿಯೇ, ಹೊನ್ನಾಳಿಗೆ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ 1162ರ ಶಾಸನವೊಂದಿದೆ. ಅಲ್ಲಿನ ಕೋಡಿಯ ಮಠದಲ್ಲಿ ವೇದ, ದರ್ಶನ, ಕಾವ್ಯ, ನಾಟಕಗಳ ಜೊತೆಗೆ ನಾನಾ ವ್ಯಾಕರಣಗಳ ಪಾಠ ನಡೆಯುತ್ತಿತ್ತೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಸಿಗುತ್ತಿತ್ತೆಂದೂ ಅದು ತಿಳಿಸುತ್ತದೆ. ಹೋಬಳಿಗೊಂದು ಶಾಲೆ ಬೇಕೆಂದು ಬರೆದ ಕೈಯೇ, ಏಳು ಶತಮಾನಗಳ ಹಿಂದೆ ಮಠವು ಶಾಲೆಯಾಗಿದ್ದ ಸಂಗತಿಯನ್ನು ಲೋಕದ ಮುಂದಿಟ್ಟಿತು.

1906ರಲ್ಲಿ ರೈಸ್ ಅವರು ನಿವೃತ್ತರಾದರು; ಆರ್. ನರಸಿಂಹಾಚಾರ್ಯರು ಅವರ ಸ್ಥಾನಕ್ಕೆ ಬಂದರು. ಇಂಗ್ಲೆಂಡಿಗೆ ತೆರಳಿದ ಮೇಲೂ ಕನ್ನಡದ ಕೆಲಸ ಬಿಡದೆ, ಶಾಸನಗಳಿಂದ ಹೊರಟ ಮೈಸೂರು ಕೊಡಗುಗಳ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ, ಹ್ಯಾರೋ ಪಟ್ಟಣದಲ್ಲಿ ನಿಧನರಾದರು. ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಕಲ್ಲುಗಳಿಗೆ ತಾಲ್ಲೂಕುವಾರಾಗಿ ಅವರು ಕೊಟ್ಟ ಕ್ರಮಸಂಖ್ಯೆಗಳನ್ನು ಸಂಶೋಧಕರು ಈಗಲೂ ಬಳಸುತ್ತಾರೆ.